ಎಸ್ಸೆಸ್ಸೆಲ್ಸಿ ಹುದ್ದೆ ಯಾರ ಪಾಲಾಗುತ್ತಿದೆ?

2025ರಲ್ಲಿ ರಾಜಸ್ಥಾನ ಸರ್ಕಾರ ನಾಲ್ಕನೇ ದರ್ಜೆಯ 53,749 ಹುದ್ದೆಗಳಿಗೆ ಅರ್ಜಿ ಕರೆಯಿತು. ಹತ್ತನೇ ತರಗತಿ ಪಾಸಾಗಿದ್ದರೆ ಸಾಕಿತ್ತು. ಬಂದ ಅರ್ಜಿಗಳು 24 ಲಕ್ಷ ದಾಟಿದವು. ಹಾಕಿದವರಲ್ಲಿ ಎಂಬಿಎ ಆದವರೂ ಪಿಎಚ್‌.ಡಿ ಮಾಡಿದವರೂ ಇದ್ದರು. ಅದಕ್ಕೆ ಹತ್ತು ವರ್ಷ ಮೊದಲು ಉತ್ತರ ಪ್ರದೇಶದ ಸಚಿವಾಲಯದಲ್ಲಿ 368 ಜವಾನರ ಹುದ್ದೆಗೆ 23 ಲಕ್ಷ ಅರ್ಜಿ ಬಂದಿದ್ದವು. ಅಲ್ಲಿ ಕೇಳಿದ್ದು ಐದನೇ ತರಗತಿಯ ಓದು, ಜೊತೆಗೆ ಸೈಕಲ್ ತುಳಿಯಲು ಬರಬೇಕು, ಅಷ್ಟೇ. ಆದರೆ ಅರ್ಜಿದಾರರಲ್ಲಿ 255 ಮಂದಿ ಪಿಎಚ್‌.ಡಿ ಪಡೆದವರು, ಒಂದೂವರೆ ಲಕ್ಷ ಮಂದಿ ಪದವೀಧರರು. ಇಂಥ ಸುದ್ದಿ ಬಂದಾಗಲೆಲ್ಲ ಒಂದೋ ಸರ್ಕಾರಿ ನೌಕರಿಯ ಹುಚ್ಚು ಎಂದು ನಗುತ್ತೇವೆ, ಇಲ್ಲವೇ ಇಷ್ಟು ಓದಿದವರಿಗೆ ಈ ಗತಿಯೇ ಎಂದು ಮರುಗುತ್ತೇವೆ. ನಗುವಾಗಲೂ ಮರುಗುವಾಗಲೂ ನಮ್ಮ ಕಣ್ಣಿಗೆ ಬೀಳುವವರು ಪದವೀಧರರೇ. ಆ ಹುದ್ದೆ ಯಾರಿಗೆಂದು ಇತ್ತೋ, ಆ ಹತ್ತನೇ ತರಗತಿಯ ಹುಡುಗ ಹುಡುಗಿಯರ ಮಾತು ಯಾರೂ ಎತ್ತುವುದಿಲ್ಲ. ಅವರ ಪಾಲಿನ ಹುದ್ದೆಗಳನ್ನು ಒಂದು ಕಡೆಯಿಂದ ಪದವೀಧರರ ನೂಕುನುಗ್ಗಲು ತಿನ್ನುತ್ತಿದೆ, ಇನ್ನೊಂದು ಕಡೆಯಿಂದ ಹೊರಗುತ್ತಿಗೆ ತಿನ್ನುತ್ತಿದೆ. ಎರಡಕ್ಕೂ ಬೇರು ಒಂದೇ, ಅದು ಸಂಬಳದ ಲೆಕ್ಕದಲ್ಲಿದೆ ಎಂಬುದು ನನ್ನ ವಾದ.

ಮೊದಲು ಹುದ್ದೆಗಳ ಪರಿಚಯ ಆಗಲಿ. ಕೇಂದ್ರ ಸರ್ಕಾರದಲ್ಲಿ ಈಗ ಡಿ ಗ್ರೂಪ್ ಎಂಬುದೇ ಇಲ್ಲ. ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ ಅವರ ಅಧ್ಯಕ್ಷತೆಯ ಆರನೇ ವೇತನ ಆಯೋಗ 2008ರಲ್ಲಿ ಕೊಟ್ಟ ವರದಿಯಲ್ಲಿ ಅದನ್ನು ತೆಗೆದುಹಾಕಲು ಶಿಫಾರಸು ಮಾಡಿತು. ಅಲ್ಲಿಯವರೆಗೆ ಜವಾನ, ದಫ್ತರಿ, ಜಮಾದಾರ, ಫರಾಶ್, ಚೌಕೀದಾರ, ಸಫಾಯಿವಾಲಾ, ಮಾಲಿ ಎಂದು ಬೇರೆ ಬೇರೆ ಹೆಸರಿದ್ದ ಕೆಲಸಗಳನ್ನೆಲ್ಲ ಒಟ್ಟುಗೂಡಿಸಿ ಮಲ್ಟಿ ಟಾಸ್ಕಿಂಗ್ ಸ್ಟಾಫ್, ಅಂದರೆ ಎಂಟಿಎಸ್ ಎಂಬ ಒಂದೇ ಹುದ್ದೆ ಮಾಡಿದರು. ಅದನ್ನು ಸಿ ಗುಂಪಿಗೆ ಏರಿಸಿ, ಕನಿಷ್ಠ ಓದು ಹತ್ತನೇ ತರಗತಿ ಎಂದು ಗೊತ್ತುಮಾಡಿದರು. ಅಷ್ಟು ಓದಿಲ್ಲದೆ ಆಗಲೇ ಕೆಲಸದಲ್ಲಿದ್ದವರಿಗೆ ತರಬೇತಿ ಕೊಟ್ಟು ಮೇಲಕ್ಕೆ ತಂದರು. ಇದರಲ್ಲಿ ಒಳ್ಳೆಯದೊಂದಿತ್ತು: ಕಸಬರಿಗೆ ಹಿಡಿಯುವವರು ಎಂಬ ಹಣೆಪಟ್ಟಿ ಸೇವಾ ಪುಸ್ತಕದಿಂದ ಅಳಿಸಿತು. ಆ ಹಣೆಪಟ್ಟಿ ಯಾವ ಜಾತಿಗಳಿಗೆ ಅಂಟಿಕೊಂಡೇ ಬಂದಿತ್ತೆಂಬುದು ಎಲ್ಲರಿಗೂ ಗೊತ್ತಿರುವ ಸಂಗತಿ. ಕೆಟ್ಟದ್ದೂ ಒಂದಿತ್ತು: ಎಂಟನೇ ತರಗತಿಗೆ ಶಾಲೆ ಬಿಟ್ಟವರಿಗೆ ಕೇಂದ್ರ ಸರ್ಕಾರದ ಬಾಗಿಲು ಅಲ್ಲಿಗೆ ಮುಚ್ಚಿತು.

ಎಂಟಿಎಸ್ ಮಾಡಬೇಕಾದ ಕೆಲಸ ಏನೆಂದು ಸಿಬ್ಬಂದಿ ಮತ್ತು ತರಬೇತಿ ಇಲಾಖೆ 2010ರಲ್ಲಿ ಹೊರಡಿಸಿದ ಪಟ್ಟಿಯನ್ನು ಒಮ್ಮೆ ಓದಬೇಕು. ಕಡತಗಳನ್ನು ಜೋಪಾನವಾಗಿ ಇಡುವುದು, ಕಟ್ಟಡದೊಳಗೆ ಒಂದು ಟೇಬಲ್‌ನಿಂದ ಇನ್ನೊಂದಕ್ಕೆ ಒಯ್ಯುವುದು, ಜೆರಾಕ್ಸ್ ತೆಗೆಯುವುದು, ಫ್ಯಾಕ್ಸ್ ಕಳಿಸುವುದು, ಆವಕ ಜಾವಕದಲ್ಲಿ ಕಂಪ್ಯೂಟರ್ ಮೇಲೂ ನೆರವಾಗುವುದು, ಹೊರಗಿನ ಕಚೇರಿಗಳಿಗೆ ಟಪಾಲು ಮುಟ್ಟಿಸುವುದು, ಬೆಳಿಗ್ಗೆ ಕೋಣೆಗಳ ಬೀಗ ತೆಗೆದು ಸಂಜೆ ಹಾಕುವುದು, ಕುರ್ಚಿ ಮೇಜಿನ ದೂಳು ಒರೆಸುವುದು, ಕಾವಲು ಕಾಯುವುದು, ಹೂಕುಂಡಗಳಿಗೆ ನೀರು ಹಾಕುವುದು. ಲೈಸೆನ್ಸ್ ಇದ್ದರೆ ವಾಹನ ಓಡಿಸಬೇಕು. ಐಟಿಐ ಆಗಿದ್ದರೆ ಆ ಕೆಲಸವನ್ನೂ ಮಾಡಬೇಕು. ಪಟ್ಟಿಯ ಕೊನೆಗೆ, ಮೇಲಧಿಕಾರಿ ಹೇಳುವ ಬೇರೆ ಯಾವುದೇ ಕೆಲಸ ಎಂಬ ಸಾಲು. ಈ ಕೊನೆಯ ಸಾಲಿನಲ್ಲೇ ಸಾಹೇಬರ ಮನೆಯ ತರಕಾರಿ ಚೀಲವೂ ತೂರಿಕೊಳ್ಳುವುದು ಎಂಬುದನ್ನು ಸರ್ಕಾರಿ ಕಚೇರಿಯ ಹತ್ತಿರ ಸುಳಿದಾಡಿದ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಇಡೀ ಪಟ್ಟಿಯಲ್ಲಿ ಪದವಿ ಬೇಡುವ ಕೆಲಸ ಒಂದೂ ಇಲ್ಲ, ಪಿಯುಸಿ ಬೇಡುವುದೂ ಇಲ್ಲ. ಹತ್ತನೇ ತರಗತಿಯವರೆಗೆ ಸರಿಯಾಗಿ ಕಲಿತವರು ಪೂರ್ತಿ ನಿಭಾಯಿಸಬಲ್ಲ ಕೆಲಸ ಇದು.

ರೈಲ್ವೆಯ ಲೆವೆಲ್ ಒಂದರ ಹುದ್ದೆಗಳ ಬಗೆ ಬೇರೆ. ಹಳಿ ನೋಡಿಕೊಳ್ಳುವ ಟ್ರ್ಯಾಕ್ ಮೇಂಟೇನರ್, ಪಾಯಿಂಟ್ಸ್‌ಮನ್, ವರ್ಕ್‌ಶಾಪಿನ ಸಹಾಯಕ ಇವೆಲ್ಲ ಮೈಮುರಿದು ದುಡಿಯುವ ಕೆಲಸಗಳು. ಅಭ್ಯರ್ಥಿ ಗಂಡಾದರೆ 35 ಕಿಲೋ ಭಾರ ಹೊತ್ತು ಎಲ್ಲೂ ಇಳಿಸದೆ ಎರಡು ನಿಮಿಷದಲ್ಲಿ 100 ಮೀಟರ್ ನಡೆಯಬೇಕು, ಸಾವಿರ ಮೀಟರನ್ನು ನಾಲ್ಕೂಕಾಲು ನಿಮಿಷದಲ್ಲಿ ಓಡಬೇಕು. ಹೆಣ್ಣಾದರೆ 20 ಕಿಲೋ ಭಾರ, ಓಟಕ್ಕೆ ಐದು ನಿಮಿಷ 40 ಸೆಕೆಂಡ್. ಅಂಚೆ ಇಲಾಖೆಯ ಗ್ರಾಮೀಣ ಡಾಕ್ ಸೇವಕರದು ಮತ್ತೊಂದು ಲೋಕ, ಅದಕ್ಕೆ ಮುಂದೆ ಬರುತ್ತೇನೆ. ರಾಜ್ಯ ಸರ್ಕಾರದಲ್ಲಿ ಡಿ ಗ್ರೂಪ್ ಎಂಬ ಹೆಸರು ಇನ್ನೂ ಉಳಿದಿದೆ. ದಲಾಯತ್, ಅಟೆಂಡರ್, ಆಸ್ಪತ್ರೆಯ ವಾರ್ಡ್ ಸಹಾಯಕರು, ಹಾಸ್ಟೆಲಿನ ಅಡುಗೆಯವರು, ಕಾವಲುಗಾರರು ಆ ಗುಂಪಿಗೆ ಸೇರಿದವರು.

ಈಗ ಸಂಬಳಕ್ಕೆ ಬರೋಣ, ಒಗಟು ಬಿಡಿಸಿಕೊಳ್ಳುವುದು ಅಲ್ಲೇ. 2016ರ ಜನವರಿಯಿಂದ ಜಾರಿಗೆ ಬಂದ ಏಳನೇ ವೇತನ ಆಯೋಗ ಕೇಂದ್ರ ಸರ್ಕಾರದ ಅತಿ ಕೆಳಗಿನ ನೌಕರರ ಮೂಲ ವೇತನವನ್ನು 18,000 ರೂಪಾಯಿ ಎಂದು ನಿಗದಿ ಮಾಡಿತು. ಈ ಅಂಕಿ ಯಾರದೋ ಔದಾರ್ಯದಿಂದ ಬಂದದ್ದಲ್ಲ. ವ್ಯಾಲೇಸ್ ಐಕ್ರಾಯ್ಡ್ ಎಂಬ ಪೌಷ್ಟಿಕಾಂಶ ವಿಜ್ಞಾನಿ ಇದ್ದರು. 1930ರ ದಶಕದಲ್ಲಿ ನೀಲಗಿರಿಯ ಕೂನೂರಿನ ಪೌಷ್ಟಿಕಾಂಶ ಸಂಶೋಧನಾಲಯದ ನಿರ್ದೇಶಕರಾಗಿದ್ದವರು. ದುಡಿಯುವ ಮನುಷ್ಯನಿಗೆ ದಿನಕ್ಕೆ ಎಷ್ಟು ಆಹಾರ ಬೇಕೆಂಬ ಅವರ ಲೆಕ್ಕವನ್ನು 1957ರ ಭಾರತೀಯ ಕಾರ್ಮಿಕ ಸಮ್ಮೇಳನ ಕನಿಷ್ಠ ವೇತನಕ್ಕೆ ಬುನಾದಿಯಾಗಿ ಒಪ್ಪಿಕೊಂಡಿತು. ಏಳನೇ ಆಯೋಗವೂ ಅದೇ ದಾರಿ ಹಿಡಿಯಿತು. ಗಂಡ, ಹೆಂಡತಿ, ಇಬ್ಬರು ಮಕ್ಕಳನ್ನು ಮೂರು ಆಳಿನ ಊಟಕ್ಕೆ ಸಮವೆಂದು ಹಿಡಿದು, ತಿಂಗಳಿಗೆ ಅಕ್ಕಿ ಗೋಧಿ 42.75 ಕಿಲೋ, ಬೇಳೆ 7.2 ಕಿಲೋ, ಹಾಲು 18 ಲೀಟರ್, ಎಣ್ಣೆ 3.6 ಕಿಲೋ, ಬಟ್ಟೆ ಐದೂವರೆ ಮೀಟರ್ ಎಂದು ಬರೆದು ಬೆಲೆ ಕಟ್ಟಿತು. ಅದರ ಮೇಲೆ ಇಂಧನ, ಬಾಡಿಗೆ, ಮದುವೆ ಮುಂಜಿಯ ಖರ್ಚು ಸೇರಿಸಿತು. ಹತ್ತನೇ ತರಗತಿ ಪಾಸಾದವರ ಕೆಲಸವಾದ್ದರಿಂದ ಕೌಶಲಕ್ಕೆಂದು ಇನ್ನಷ್ಟು ಕೂಡಿಸಿತು. ನಾಲ್ಕು ಜನರ ಒಂದು ಸಂಸಾರ ಯಾರ ಮುಂದೆಯೂ ಕೈಚಾಚದೆ ತಿಂಗಳು ದೂಡಲು ಬೇಕಾದದ್ದು ಇಷ್ಟು ಎಂಬುದೇ ಆ 18,000ದ ಅರ್ಥ. 2025ರ ಜುಲೈನಿಂದ ಜಾರಿಯಾದ ಶೇ 58ರ ತುಟ್ಟಿಭತ್ಯೆಯ ಲೆಕ್ಕದಲ್ಲಿ, ಬೆಂಗಳೂರಿನಂಥ ನಗರದಲ್ಲಿ ಮನೆ ಬಾಡಿಗೆ ಮತ್ತು ಸಾರಿಗೆ ಭತ್ಯೆ ಸೇರಿ ಹೊಸದಾಗಿ ಸೇರಿದ ಎಂಟಿಎಸ್ ನೌಕರರ ಒಟ್ಟು ಸಂಬಳ 35 ಸಾವಿರದ ಆಸುಪಾಸಿಗೆ ಬರುತ್ತದೆ. ಕರ್ನಾಟಕದಲ್ಲಿ ಕೆ. ಸುಧಾಕರ ರಾವ್ ಅಧ್ಯಕ್ಷತೆಯ ಏಳನೇ ರಾಜ್ಯ ವೇತನ ಆಯೋಗದ ನಂತರ, 2024ರ ಆಗಸ್ಟ್‌ನಿಂದ, ಕನಿಷ್ಠ ಮೂಲ ವೇತನ 17,000ದಿಂದ 27,000 ರೂಪಾಯಿಗೆ ಏರಿದೆ.

ಕೇಂದ್ರದ ಏಳನೇ ಆಯೋಗ ಅಹಮದಾಬಾದಿನ ಐಐಎಂನಿಂದ ಒಂದು ಅಧ್ಯಯನ ಮಾಡಿಸಿತ್ತು. ಸರ್ಕಾರದ ಅತಿ ಕೆಳಗಿನ ಸಹಾಯಕ ನೌಕರರಿಗೆ ಆಗ ಎಲ್ಲ ಸೇರಿ ಸಿಗುತ್ತಿದ್ದದ್ದು 22,579 ರೂಪಾಯಿ. ಅಧ್ಯಯನ ನೋಡಿದ ಖಾಸಗಿ ಸಂಸ್ಥೆಗಳಲ್ಲಿ ಅದೇ ಬಗೆಯ ಸಹಾಯಕರಿಗೆ ಸಿಗುತ್ತಿದ್ದದ್ದು 8,000ದಿಂದ 9,500. ಸರ್ಕಾರದಲ್ಲಿ ಎರಡು ಪಟ್ಟಿಗಿಂತ ಹೆಚ್ಚು. ಮೇಲಿನ ಹಂತದಲ್ಲಿ ಲೆಕ್ಕ ತಿರುಗುಮುರುಗು; ಅಲ್ಲಿ ದೊಡ್ಡ ಕಂಪನಿಗಳೇ ಸರ್ಕಾರಕ್ಕಿಂತ ಹೆಚ್ಚು ಕೊಡುತ್ತವೆ. ಆದ್ದರಿಂದ ಸರ್ಕಾರಿ ನೌಕರಿಯ ಸೆಳೆತ ಅತಿ ಜೋರಾಗಿ ಇರುವುದು ಅತಿ ಕೆಳಗಿನ ಮೆಟ್ಟಿಲಲ್ಲೇ. ಅದಕ್ಕೆ ಕೆಲಸದ ಭದ್ರತೆ, ಹತ್ತು, ಇಪ್ಪತ್ತು, ಮೂವತ್ತು ವರ್ಷಕ್ಕೆ ತಾನಾಗಿ ಬರುವ ವೇತನ ಬಡ್ತಿ, ಆಸ್ಪತ್ರೆ ಖರ್ಚು, ಹೆರಿಗೆ ರಜೆ ಸೇರಿಸಿ ನೋಡಿ. ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ 2023ರಲ್ಲಿ ಹೊರತಂದ ವರದಿಯ ಪ್ರಕಾರ, ದೇಶದಲ್ಲಿ 25 ವರ್ಷದೊಳಗಿನ ಪದವೀಧರರಲ್ಲಿ ನಿರುದ್ಯೋಗ ಶೇ 42ಕ್ಕೂ ಹೆಚ್ಚು. ಬಿ.ಎ ಮುಗಿಸಿದ ಹುಡುಗನ ಮುಂದೆ ಹತ್ತು ಹನ್ನೆರಡು ಸಾವಿರದ ಖಾಸಗಿ ಕೆಲಸ ಒಂದು ಕಡೆ, ಅದರ ಮೂರು ಪಟ್ಟು ಕೊಡುವ ಎಂಟಿಎಸ್ ಇನ್ನೊಂದು ಕಡೆ ಇದ್ದರೆ ಅವನು ಎತ್ತ ಹೋಗುತ್ತಾನೆ? ಇದಕ್ಕೆ ಹುಚ್ಚು ಎನ್ನುವುದು ಅನ್ಯಾಯ. ಅವನು ಮಾಡುತ್ತಿರುವುದು ನೇರವಾದ ಲೆಕ್ಕಾಚಾರ.

ಆದರೆ ಆ ಲೆಕ್ಕಾಚಾರದ ಪೆಟ್ಟು ಬೀಳುವುದು ಹತ್ತನೇ ತರಗತಿಯವರ ಮೇಲೆ. ಕೇಂದ್ರ ಸರ್ಕಾರ 2022ರಲ್ಲಿ ಲೋಕಸಭೆಗೆ ಕೊಟ್ಟ ಲೆಕ್ಕದಂತೆ, 2014ರಿಂದ ಎಂಟು ವರ್ಷಗಳಲ್ಲಿ ಕೇಂದ್ರದ ಎಲ್ಲ ಹುದ್ದೆಗಳಿಗೆ ಬಂದ ಅರ್ಜಿಗಳು 22.05 ಕೋಟಿ, ನೇಮಕಕ್ಕೆ ಆಯ್ಕೆಯಾದವರು 7.22 ಲಕ್ಷ. ಒಂದು ಹುದ್ದೆಗೆ ಮುನ್ನೂರು ಅರ್ಜಿ. ಅಷ್ಟು ಜನರಲ್ಲಿ ಸೋಸಿ ತೆಗೆಯಲು ನಡೆಯುವ ಪರೀಕ್ಷೆ ಯಾರಿಗೆ ಅನುಕೂಲ ಎಂದು ನೋಡಿ. ಸಿಬ್ಬಂದಿ ನೇಮಕಾತಿ ಆಯೋಗದ ಎಂಟಿಎಸ್ ಪರೀಕ್ಷೆ ಕಂಪ್ಯೂಟರಿನಲ್ಲಿ, 45 ನಿಮಿಷದ ಎರಡು ಭಾಗಗಳಲ್ಲಿ ನಡೆಯುತ್ತದೆ. ಮೊದಲ ಭಾಗದಲ್ಲಿ ಗಣಿತ ಮತ್ತು ತರ್ಕದ 40 ಪ್ರಶ್ನೆ, ತಪ್ಪಿಗೆ ಅಂಕ ಕಡಿತವಿಲ್ಲ. ಎರಡನೆಯದರಲ್ಲಿ ಸಾಮಾನ್ಯ ಜ್ಞಾನದ 25, ಇಂಗ್ಲಿಷಿನ 25 ಪ್ರಶ್ನೆ; ಸರಿ ಉತ್ತರಕ್ಕೆ ಮೂರು ಅಂಕ, ತಪ್ಪಾದರೆ ಒಂದು ಅಂಕ ಹೋಯಿತು. 2023ರಿಂದ ಈ ಪರೀಕ್ಷೆಯನ್ನು ಹಿಂದಿ, ಇಂಗ್ಲಿಷ್ ಜೊತೆಗೆ ಕನ್ನಡವೂ ಸೇರಿ 13 ಭಾಷೆಗಳಲ್ಲಿ ಬರೆಯಬಹುದು. ದಕ್ಷಿಣದ ರಾಜ್ಯಗಳು ವರ್ಷಗಟ್ಟಲೆ ಕೇಳಿ ಪಡೆದದ್ದು ಅದು, ದೊಡ್ಡ ಗೆಲುವೇ ಸರಿ. ಆದರೆ ಸಣ್ಣ ಅಕ್ಷರದಲ್ಲಿ ಒಂದು ವಿಷಯ ಅಡಗಿದೆ. ಮೊದಲ ಭಾಗ ಬರೀ ಅರ್ಹತೆಗೆ. ಅಂತಿಮ ಪಟ್ಟಿ ತಯಾರಾಗುವುದು ಎರಡನೇ ಭಾಗದ ಅಂಕಗಳ ಮೇಲೆ, ಅದರಲ್ಲಿ ಅರ್ಧ ಇಂಗ್ಲಿಷ್. ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದವರು ಗಣಿತದಲ್ಲಿ ಎಷ್ಟೇ ಚುರುಕಾಗಿದ್ದರೂ ಅದು ಪಟ್ಟಿಯಲ್ಲಿ ಮೇಲೇರಲು ನೆರವಾಗುವುದಿಲ್ಲ. ಹೂಕುಂಡಕ್ಕೆ ನೀರು ಹಾಕಲು, ಟಪಾಲು ಮುಟ್ಟಿಸಲು ಇಷ್ಟು ಇಂಗ್ಲಿಷ್ ಏಕೆ ಬೇಕೆಂದು ಆಯೋಗವನ್ನು ಯಾರಾದರೂ ಕೇಳಬೇಕು.

ಪರೀಕ್ಷೆಗಿಂತ ಹೆಚ್ಚು ಹಾನಿ ಮಾಡುವುದು ವಿಳಂಬ. ರೈಲ್ವೆ 2019ರ ಆರಂಭದಲ್ಲಿ ಲೆವೆಲ್ ಒಂದರ ಒಂದು ಲಕ್ಷಕ್ಕೂ ಮಿಕ್ಕಿ ಹುದ್ದೆಗಳಿಗೆ ಅರ್ಜಿ ಕರೆಯಿತು. ಒಂದು ಕೋಟಿಗೂ ಹೆಚ್ಚು ಜನ ಹಾಕಿದರು. ಪರೀಕ್ಷೆ ಶುರುವಾದದ್ದು 2022ರ ಆಗಸ್ಟ್‌ನಲ್ಲಿ. ನಡುವೆ ಕೋವಿಡ್ ಬಂತು, ನಿಜ, ಆದರೂ ಮೂರೂವರೆ ವರ್ಷ ಸಣ್ಣ ಅವಧಿಯಲ್ಲ. 18ರ ಪ್ರಾಯದಲ್ಲಿ ಅರ್ಜಿ ಹಾಕಿದವರು ಪರೀಕ್ಷೆ ಬರೆಯುವ ಹೊತ್ತಿಗೆ 21 ದಾಟಿರುತ್ತಾರೆ. ಮನೆಯಲ್ಲಿ ಅನುಕೂಲ ಇದ್ದವರು ಅಷ್ಟರಲ್ಲಿ ಪದವಿ ಮುಗಿಸಿ, ಕೋಚಿಂಗ್ ಪಡೆದು ಬಂದಿರುತ್ತಾರೆ. ಇಲ್ಲದವರು ಗಾರೆ ಕೆಲಸಕ್ಕೋ ಗಾರ್ಮೆಂಟ್ಸಿಗೋ ಸೇರಿ ಪುಸ್ತಕ ಮುಚ್ಚಿ ಎಷ್ಟೋ ದಿನ ಆಗಿರುತ್ತದೆ. ಇಂಥ ಕಾಯುವಿಕೆಯ ಸಿಟ್ಟು 2022ರ ಜನವರಿಯಲ್ಲಿ ಬಿಹಾರ ಮತ್ತು ಉತ್ತರ ಪ್ರದೇಶದಲ್ಲಿ ಬೀದಿಗೆ ಬಂದು, ಗಯಾದಲ್ಲಿ ರೈಲಿನ ಬೋಗಿಗೆ ಬೆಂಕಿ ಬಿತ್ತು. ಬೆಂಕಿ ಹಚ್ಚಿದ್ದನ್ನು ಒಪ್ಪುವಂತಿಲ್ಲ, ಸಿಟ್ಟು ಎಲ್ಲಿಂದ ಬಂತೆಂದು ತಿಳಿಯದೆ ಇರುವಂತೆಯೂ ಇಲ್ಲ.

ಹಾಗಾದರೆ ಪದವೀಧರರು ಅರ್ಜಿ ಹಾಕಲೇಬಾರದೆಂದು ನಿಯಮ ಮಾಡಬಹುದಲ್ಲ ಎಂದು ಕೆಲವರು ಕೇಳುತ್ತಾರೆ. ಕೆಲವು ಸಂಸ್ಥೆಗಳು ಮಾಡಿ ನೋಡಿವೆ. ಪಂಜಾಬ್ ನ್ಯಾಷನಲ್ ಬ್ಯಾಂಕ್ ಜವಾನರ ಹುದ್ದೆಗೆ 12ನೇ ತರಗತಿ ಆಗಿರಬೇಕು, ಪದವಿ ಆಗಿರಬಾರದು ಎಂದು ಜಾಹೀರಾತಿನಲ್ಲೇ ಹೇಳಿತ್ತು. ಒಡಿಶಾದ ಒಬ್ಬ ಅಭ್ಯರ್ಥಿ ತಾನು ಪದವೀಧರನೆಂಬುದನ್ನು ಬಚ್ಚಿಟ್ಟು ಆಯ್ಕೆಯಾದ. ಬ್ಯಾಂಕಿಗೆ ಗೊತ್ತಾಗಿ ಆಯ್ಕೆ ರದ್ದಾಯಿತು. ಒರಿಸ್ಸಾ ಹೈಕೋರ್ಟ್ ಆತನ ಪರ ನಿಂತಿತು. 2020ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನು ತಳ್ಳಿಹಾಕಿ, ಯಾವ ಹುದ್ದೆಗೆ ಎಂಥ ಅರ್ಹತೆ ಬೇಕೆಂದು ಗೊತ್ತುಮಾಡುವುದು ಕೆಲಸ ಕೊಡುವವರ ಅಧಿಕಾರ, ನಿಜ ಮುಚ್ಚಿಟ್ಟವರು ಹಕ್ಕು ಸಾಧಿಸಲಾಗದು ಎಂದಿತು. ಕಾನೂನಿನ ಮಟ್ಟಿಗೆ ದಾರಿ ಸುಗಮ. ಆದರೂ ಈ ನಿಷೇಧ ನನಗೆ ಸರಿ ಕಾಣುವುದಿಲ್ಲ. ಈ ಸಾಲಿನಲ್ಲಿ ನಿಂತ ಪದವೀಧರರಲ್ಲಿ ಎಷ್ಟೋ ಮಂದಿ ತಮ್ಮ ಮನೆಯಲ್ಲಿ ಮೊದಲು ಕಾಲೇಜು ಮೆಟ್ಟಿಲು ಹತ್ತಿದವರು. ಕೂಲಿ ಮಾಡುವ ತಾಯಿ ಮಗಳನ್ನು ಊರಿನ ಸರ್ಕಾರಿ ಕಾಲೇಜಿನಲ್ಲಿ ಬಿ.ಎ ಓದಿಸಿದ್ದಕ್ಕೆ ಆ ಮಗಳಿಗೆ ದಂಡ ಹಾಕಿದಂತಾಗುತ್ತದೆ. ಓದಿದ್ದನ್ನು ಅಡಗಿಸಿಟ್ಟರೆ ಮಾತ್ರ ಅನ್ನ ಎನ್ನುವ ನಿಯಮ ಯಾವ ಸಮಾಜಕ್ಕೂ ಶೋಭೆ ತರುವುದಿಲ್ಲ.

ನಿಷೇಧವಿಲ್ಲದೆಯೂ ಹತ್ತನೇ ತರಗತಿಯವರ ಪಾಲು ಉಳಿಸಬಹುದು ಎಂಬುದಕ್ಕೆ ಪುರಾವೆ ಅಂಚೆ ಇಲಾಖೆಯಲ್ಲೇ ಇದೆ. ಗ್ರಾಮೀಣ ಡಾಕ್ ಸೇವಕರ ಆಯ್ಕೆಗೆ ಪರೀಕ್ಷೆಯೂ ಇಲ್ಲ, ಸಂದರ್ಶನವೂ ಇಲ್ಲ. ಹತ್ತನೇ ತರಗತಿಯ ಅಂಕಗಳನ್ನಷ್ಟೇ ನೋಡಿ ಪಟ್ಟಿ ಮಾಡುತ್ತಾರೆ. ಎಂ.ಎ ಆದವರೂ ಅರ್ಜಿ ಹಾಕಬಹುದು, ಆದರೆ ಎಂ.ಎ ಗೆ ಅಲ್ಲಿ ಮೂರು ಕಾಸಿನ ಬೆಲೆಯಿಲ್ಲ. ಅವರ ಎಸ್ಸೆಸ್ಸೆಲ್ಸಿ ಅಂಕ ನಿಮ್ಮದಕ್ಕಿಂತ ಕಡಿಮೆ ಇದ್ದರೆ ನೀವೇ ಮುಂದೆ. ಸ್ಥಳೀಯ ಭಾಷೆ ಓದಲು ಬರೆಯಲು ಬರಬೇಕೆಂಬ ಷರತ್ತೂ ಇದೆ. 2025ರ ಆರಂಭದಲ್ಲಿ ದೇಶಾದ್ಯಂತ 21,413 ಇಂಥ ಹುದ್ದೆಗಳಿಗೆ ಅರ್ಜಿ ಕರೆದಾಗ ಕರ್ನಾಟಕ ವೃತ್ತದ ಪಾಲಿಗೆ ಸಾವಿರಕ್ಕೂ ಹೆಚ್ಚು ಬಂದಿದ್ದವು. ವಯಸ್ಸಿನ ಮಿತಿ 40ರವರೆಗೆ. ಇಷ್ಟು ಹೇಳಿದ ಮೇಲೆ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಡಾಕ್ ಸೇವಕರು ಇಲಾಖೆಯ ಪೂರ್ಣ ನೌಕರರಲ್ಲ. ದಿನಕ್ಕೆ ನಾಲ್ಕೈದು ಗಂಟೆಯ ಕೆಲಸವೆಂದು ಹಿಡಿದು ಸಹಾಯಕರಿಗೆ 10,000, ಶಾಖಾ ಪೋಸ್ಟ್‌ಮಾಸ್ಟರಿಗೆ 12,000 ರೂಪಾಯಿಯಿಂದ ಆರಂಭಿಸಿ, ತುಟ್ಟಿಭತ್ಯೆ ಸೇರಿಸಿ ಕೊಡುತ್ತಾರೆ. ಉಳಿತಾಯ ಖಾತೆ, ಪೇಮೆಂಟ್ಸ್ ಬ್ಯಾಂಕ್, ವಿಮೆ, ಪಿಂಚಣಿ ಹಂಚಿಕೆ ಎಲ್ಲ ಸೇರಿ ಕೆಲಸದ ಹೊತ್ತು ಗಡಿಯಾರ ನೋಡಿ ನಿಲ್ಲುವುದಿಲ್ಲ. ಹತ್ತನೇ ತರಗತಿಯವರಿಗೆ ನಿಜಕ್ಕೂ ತೆರೆದಿರುವ ಬಾಗಿಲಿನ ಒಳಗೆ ಸಂಬಳ ಅರ್ಧ; ಪೂರ್ತಿ ಸಂಬಳ ಇರುವಲ್ಲಿ ಬಾಗಿಲು ಇಕ್ಕಟ್ಟು.

ಇದು ಮೇಲಿನಿಂದ ಬಿದ್ದ ಒತ್ತಡದ ಕಥೆ. ಕೆಳಗಿನಿಂದ ಆಗುತ್ತಿರುವುದು ಹೆಚ್ಚು ಸದ್ದಿಲ್ಲದ್ದು. ಸರ್ಕಾರಗಳು ಈ ಹುದ್ದೆಗಳನ್ನು ತುಂಬುವುದನ್ನೇ ಬಿಡುತ್ತಿವೆ. 2021ರ ಮಾರ್ಚ್‌ನಲ್ಲಿ ಕೇಂದ್ರದಲ್ಲಿ ಮಂಜೂರಾದ 40.35 ಲಕ್ಷ ಹುದ್ದೆಗಳಲ್ಲಿ 9.79 ಲಕ್ಷ ಖಾಲಿ ಇದ್ದವು, ಅದರಲ್ಲಿ ಸುಮಾರು 8.36 ಲಕ್ಷ ಸಿ ಗುಂಪಿನವೇ. ಕರ್ನಾಟಕದಲ್ಲೂ ಎರಡೂವರೆ ಲಕ್ಷಕ್ಕೂ ಹೆಚ್ಚು ಹುದ್ದೆ ಖಾಲಿ ಬಿದ್ದಿವೆ. ಹುದ್ದೆ ಖಾಲಿ ಎಂದರೆ ಕೆಲಸ ನಿಂತಿದೆ ಎಂದಲ್ಲ. ಆಸ್ಪತ್ರೆಯ ವಾರ್ಡ್ ದಿನವೂ ತೊಳೆಯುತ್ತಿದ್ದಾರೆ, ಹಾಸ್ಟೆಲಿನಲ್ಲಿ ಅನ್ನ ಬೇಯುತ್ತಿದೆ, ಕಚೇರಿಯ ಬಾಗಿಲು ಬೆಳಿಗ್ಗೆ ತೆರೆಯುತ್ತಿದೆ. ಮಾಡುವವರು ಹೊರಗುತ್ತಿಗೆ ನೌಕರರು. ಟೆಂಡರ್ ಪಡೆದ ಏಜೆನ್ಸಿ ಅವರನ್ನು ಒದಗಿಸುತ್ತದೆ. ಸಂಬಳ ಏಜೆನ್ಸಿಯ ಕೈಯಿಂದ ಬರಬೇಕು. ಪಿಎಫ್, ಇಎಸ್‌ಐ ಕಟ್ಟಿದ್ದಾರೋ ಇಲ್ಲವೋ ಎಂದು ಆಗಾಗ ವಿಚಾರಿಸುತ್ತಿರಬೇಕು. ಟೆಂಡರ್ ಬದಲಾದರೆ ಕೆಲಸ ಉಳಿಯುವ ಖಾತ್ರಿಯಿಲ್ಲ. ಸಂವಿಧಾನದ 371 ಜೆ ವಿಧಿಯ ಅಡಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ ಡಿ ಗ್ರೂಪ್ ಹುದ್ದೆಗಳ ಶೇ 85ರಷ್ಟು ಸ್ಥಳೀಯರಿಗೆ ಮೀಸಲು. ಹೋರಾಡಿ ಪಡೆದ ಮೀಸಲಾತಿ ಅದು. ಆದರೆ ನೇಮಕವೇ ಆಗದ ಹುದ್ದೆಯಲ್ಲಿ ಶೇ 85 ಎಂದರೆ ಎಷ್ಟು? ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗಗಳ ಮೀಸಲಾತಿಯ ಕಥೆಯೂ ಇದೇ. ರಾಜ್ಯ ಸರ್ಕಾರಕ್ಕೆ ಇದು ಗೊತ್ತಿಲ್ಲದೆ ಇಲ್ಲ. ಹೊರಗುತ್ತಿಗೆ ನೇಮಕದಲ್ಲೂ ಮೀಸಲಾತಿ ಪಾಲಿಸಬೇಕು, ಮಹಿಳೆಯರಿಗೆ ಶೇ 33 ಸ್ಥಾನ ಕೊಡಬೇಕು ಎಂದು 2024ರಲ್ಲಿ ಆದೇಶ ಹೊರಡಿಸಿತು. ಆದೇಶ ಸ್ವಾಗತಾರ್ಹ. ಆದರೂ ಅದರಿಂದ ಸಿಗುವುದು ಹೊರಗುತ್ತಿಗೆಯಲ್ಲಿ ಪಾಲು, ಖಾಯಂ ಹುದ್ದೆಯಲ್ಲಲ್ಲ.

ಈ ವಿಷಯದಲ್ಲಿ ನ್ಯಾಯಾಲಯದ ಹಾದಿಯನ್ನು ಹಾಕಿಕೊಟ್ಟ ಪ್ರಕರಣ ಕರ್ನಾಟಕದ್ದೇ. 2006ರ ಏಪ್ರಿಲ್‌ನಲ್ಲಿ ಕರ್ನಾಟಕ ಸರ್ಕಾರ ಮತ್ತು ಉಮಾದೇವಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ, ನೇಮಕಾತಿಯ ನಿಯಮ ಪಾಲಿಸದೆ ಸೇರಿಸಿಕೊಂಡ ದಿನಗೂಲಿ, ತಾತ್ಕಾಲಿಕ ನೌಕರರಿಗೆ ಖಾಯಂ ಆಗುವ ಹಕ್ಕಿಲ್ಲ ಎಂದಿತು. ಹಿಂಬಾಗಿಲ ನೇಮಕ ತಡೆಯುವುದು ಅದರ ಉದ್ದೇಶ, ಅದು ಸರಿಯೂ ಹೌದು. ಮಂಜೂರಾದ ಹುದ್ದೆಯಲ್ಲಿ ಹತ್ತು ವರ್ಷ ದುಡಿದವರನ್ನು ಒಂದು ಸಲಕ್ಕೆ ಖಾಯಂ ಮಾಡಬಹುದೆಂದು ಅದೇ ತೀರ್ಪು ಹೇಳಿತ್ತು. ಆ ಎರಡನೇ ಮಾತನ್ನು ಮರೆತ ಇಲಾಖೆಗಳು ಮೊದಲನೆಯದನ್ನು ಗುರಾಣಿ ಮಾಡಿಕೊಂಡವು. 2024ರ ಡಿಸೆಂಬರ್‌ನಲ್ಲಿ ಕೇಂದ್ರ ಜಲ ಆಯೋಗದಲ್ಲಿ ದಶಕಗಳಿಂದ ಗುಡಿಸಿ, ತೋಟ ನೋಡಿಕೊಂಡು ಬಂದವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಉಮಾದೇವಿ ತೀರ್ಪು ದುರುಪಯೋಗವಾಗುತ್ತಿದೆ ಎಂದು ನೇರವಾಗಿ ಹೇಳಿ ಅವರನ್ನು ಖಾಯಂ ಮಾಡಲು ಆದೇಶಿಸಿತು. ಗುಡಿಸುವುದು ತಾತ್ಕಾಲಿಕ ಅಗತ್ಯವೇ? ಕಚೇರಿ ಇರುವವರೆಗೂ ಕಸ ಇರುತ್ತದೆ.

ಖಾಯಂ ನೇಮಕದ ವಾದಕ್ಕೆ ಬರುವ ಆಕ್ಷೇಪಗಳು ಹಗುರವಾದವಲ್ಲ. ಎಲ್ಲರನ್ನೂ ಖಾಯಂ ಮಾಡಿದರೆ ಬೊಕ್ಕಸ ತಾಳುತ್ತದೆಯೇ ಎನ್ನುವುದು ಮೊದಲನೆಯದು. ಸಂಬಳ, ಪಿಂಚಣಿಯ ಹೊರೆ ದೊಡ್ಡದು ಎಂಬುದು ಸುಳ್ಳಲ್ಲ. ಆದರೆ ಹೊರಗುತ್ತಿಗೆಯೂ ಪುಕ್ಕಟೆ ಅಲ್ಲ, ಅಲ್ಲಿ ಏಜೆನ್ಸಿಯ ಸೇವಾ ಶುಲ್ಕವನ್ನೂ ಬೊಕ್ಕಸವೇ ಕೊಡುತ್ತದೆ. ಉಳಿತಾಯವಾದರೆ ಅದು ಆಗುವುದು ದುಡಿಯುವವರ ಸಂಬಳ, ರಜೆ, ಮುಪ್ಪಿನ ಭದ್ರತೆ ಕಡಿತವಾಗುವುದರಿಂದ. ಆ ಕಡಿತ ಹೊರುವವರು ಕಚೇರಿಯಲ್ಲೇ ಅತಿ ಬಡವರು. ಬೆಂಗಳೂರಿನ ಪೌರಕಾರ್ಮಿಕರ ಉದಾಹರಣೆ ನೋಡಿ. ವರ್ಷಗಟ್ಟಲೆ ಗುತ್ತಿಗೆದಾರರ ಕೈಕೆಳಗೆ, ಆಮೇಲೆ ನೇರ ಪಾವತಿಯಲ್ಲಿ ದುಡಿದ ಅವರು 2022ರ ಜುಲೈನಲ್ಲಿ ಪೊರಕೆ ಕೆಳಗಿಟ್ಟು ರಾಜ್ಯಾದ್ಯಂತ ಮುಷ್ಕರ ಹೂಡಿದರು. 2025ರ ಮೇ ದಿನದಂದು ಬೆಂಗಳೂರಿನ ಹನ್ನೆರಡು ಸಾವಿರಕ್ಕೂ ಹೆಚ್ಚು ಪೌರಕಾರ್ಮಿಕರ ಕೈಗೆ ಖಾಯಂ ನೇಮಕಾತಿ ಪತ್ರ ಬಂತು. ಬೊಕ್ಕಸ ತಾಳುವುದಿಲ್ಲ ಎಂದಿದ್ದ ಕೆಲಸಕ್ಕೆ ದುಡ್ಡು ಸಿಕ್ಕಿತು. ಎರಡನೇ ಆಕ್ಷೇಪ, ಖಾಯಂ ಆದವರು ಕೆಲಸ ಮಾಡುವುದಿಲ್ಲ ಎಂಬುದು. ಅಂಥವರಿದ್ದಾರೆ, ಮೇಲಿನ ದರ್ಜೆಗಳಲ್ಲೂ ಇದ್ದಾರೆ. ಮೈಗಳ್ಳ ಅಧಿಕಾರಿಗೆ ಶಿಸ್ತು ಕ್ರಮವಾದರೆ, ಮೈಗಳ್ಳ ಜವಾನನಿಗೂ ಶಿಸ್ತು ಕ್ರಮವೇ ಆಗಲಿ; ಅವನ ಹುದ್ದೆಯನ್ನೇ ಇಲ್ಲವಾಗಿಸುವ ನ್ಯಾಯ ಎಲ್ಲಿಯದು? ಮೂರನೆಯದು ಗಟ್ಟಿ ಆಕ್ಷೇಪ: ಇ-ಆಫೀಸ್ ಬಂದ ಮೇಲೆ ಕಡತ ಹೊರಲು ಆಳೇಕೆ? ಇದನ್ನು ನಾನು ಒಪ್ಪುತ್ತೇನೆ. ಸಾಹೇಬರ ಬಾಗಿಲಲ್ಲಿ ಸ್ಟೂಲ್ ಹಾಕಿಕೊಂಡು ಬೆಲ್ ಹೊಡೆದಾಗ ಏಳುವ ಹುದ್ದೆ ಹೋದರೆ ಒಳ್ಳೆಯದೇ. ಆದರೆ ರೈಲು ಹಳಿ, ಆಸ್ಪತ್ರೆಯ ವಾರ್ಡ್, ಹಾಸ್ಟೆಲಿನ ಅಡುಗೆಮನೆ, ಕುಡಿಯುವ ನೀರಿನ ಪಂಪು ಕಂಪ್ಯೂಟರಿನೊಳಗೆ ಹೋಗುವುದಿಲ್ಲ. ಅಲ್ಲಿ ಜನ ಬೇಕು, ನಾಳೆಯೂ ಬೇಕು.

ಸರ್ಕಾರಿ ಸಂಬಳವನ್ನೇ ಇಳಿಸಿ ಮಾರುಕಟ್ಟೆಗೆ ಸರಿದೂಗಿಸಿದರೆ ನೂಕುನುಗ್ಗಲು ನಿಲ್ಲುತ್ತದೆ ಎನ್ನುವವರೂ ಇದ್ದಾರೆ. ನಿಲ್ಲುತ್ತದೆ, ಖಂಡಿತ. ಹೊರಗುತ್ತಿಗೆಯ ಮೂಲಕ ಸರ್ಕಾರಗಳು ಸದ್ಯ ಮಾಡುತ್ತಿರುವುದು ಅದನ್ನೇ. ಆದರೆ ನಾಲ್ಕು ಜನರ ಸಂಸಾರಕ್ಕೆ ಬೇಕಾದ ಅಕ್ಕಿ, ಬೇಳೆ, ಹಾಲನ್ನು ಅಳೆದು ಕಟ್ಟಿದ ಸಂಬಳ ಹೆಚ್ಚಾಯಿತು ಎಂದರೆ, ಅದರ ಅರ್ಧಕ್ಕೂ ಕಡಿಮೆ ಪಡೆಯುವ ಸಂಸಾರಗಳು ಏನನ್ನು ಬಿಟ್ಟು ಬದುಕುತ್ತಿವೆ ಎಂದು ಕೇಳಬೇಕಾಗುತ್ತದೆ. ಸರಿಪಡಿಸಬೇಕಾದದ್ದು ಆ ಕೆಳಗಿನ ಅಂಕಿಯನ್ನು. ಖಾಸಗಿಯಲ್ಲಿ ಕನಿಷ್ಠ ವೇತನ ಮೇಲೇರಿದಷ್ಟೂ ಪದವೀಧರರಿಗೆ ಜವಾನರ ಸಾಲಿನಲ್ಲಿ ನಿಲ್ಲುವ ಅಗತ್ಯ ತಗ್ಗುತ್ತದೆ, ಸಾಲು ತಾನಾಗಿ ಚಿಕ್ಕದಾಗುತ್ತದೆ. ಅದು ಆಗುವವರೆಗೆ ಪರೀಕ್ಷೆಯಲ್ಲಿ ಹತ್ತನೇ ತರಗತಿಯ ಅಂಕಕ್ಕೆ ಪಾಲು ಕೊಡುವುದು, ಅಂತಿಮ ಪಟ್ಟಿಯಲ್ಲಿ ಇಂಗ್ಲಿಷಿನ ಭಾರ ಇಳಿಸುವುದು, ಅರ್ಜಿ ಕರೆದ ವರ್ಷದೊಳಗೆ ನೇಮಕ ಮುಗಿಸುವುದು, ಇವು ಮೂರೂ ಕಾನೂನು ಬದಲಿಸದೆ ಮಾಡಬಹುದಾದವು.

ಓದುಗರಲ್ಲಿ ಈಗಷ್ಟೇ ಎಸ್ಸೆಸ್ಸೆಲ್ಸಿ ಮುಗಿಸಿದ ಮಕ್ಕಳು ಮನೆಯಲ್ಲಿ ಇರುವವರಿಗೆ ಎರಡು ಮಾತು. ಎಂಟಿಎಸ್ ಅರ್ಜಿಗೆ ಶುಲ್ಕ ನೂರು ರೂಪಾಯಿ. ಮಹಿಳೆಯರಿಗೆ, ಪರಿಶಿಷ್ಟರಿಗೆ, ಅಂಗವಿಕಲರಿಗೆ, ಮಾಜಿ ಸೈನಿಕರಿಗೆ ಅದೂ ಇಲ್ಲ. 2016ರಿಂದ ಕೇಂದ್ರದ ಈ ಹುದ್ದೆಗಳಿಗೆ ಸಂದರ್ಶನವೇ ಇಲ್ಲ, ಹಾಗಾಗಿ ಒಳಗೆ ಹೇಳಿಸುತ್ತೇನೆ ಎಂದು ದುಡ್ಡು ಕೇಳುವವರು ಯಾರೇ ಇರಲಿ, ಮೋಸಗಾರರು. ಅಂಚೆಯ ಡಾಕ್ ಸೇವಕ ಹುದ್ದೆಗೆ ಅಂಕ ಚೆನ್ನಾಗಿರುವ ಮಕ್ಕಳಿಂದ ಮೊದಲು ಅರ್ಜಿ ಹಾಕಿಸಿ. ಒಳಗೆ ಸೇರಿದ ಮೇಲೆ ಇಲಾಖಾ ಪರೀಕ್ಷೆ ಬರೆದು ಎಂಟಿಎಸ್, ಪೋಸ್ಟ್‌ಮನ್ ಆಗುವ ದಾರಿಯಿದೆ. ಇನ್ನೊಂದು ಅರ್ಜಿಯನ್ನು ಹಿರಿಯರು ಹಾಕಬೇಕು. ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಮಂಜೂರಾದ ಡಿ ಗ್ರೂಪ್ ಹುದ್ದೆ ಎಷ್ಟು, ಖಾಯಂ ಆಗಿ ತುಂಬಿದ್ದು ಎಷ್ಟು, ಹೊರಗುತ್ತಿಗೆಯಲ್ಲಿ ಎಷ್ಟು, ಒಬ್ಬ ನೌಕರರ ಲೆಕ್ಕದಲ್ಲಿ ಏಜೆನ್ಸಿಗೆ ಪಾವತಿಯಾಗುವುದು ಎಷ್ಟು, ಅವರ ಖಾತೆಗೆ ಬೀಳುವುದು ಎಷ್ಟು ಎಂದು ಮಾಹಿತಿ ಹಕ್ಕಿನಡಿ ಕೇಳಿ. ಅದರ ಶುಲ್ಕ ಹತ್ತು ರೂಪಾಯಿ, ಮೂವತ್ತು ದಿನದೊಳಗೆ ಉತ್ತರ ಕೊಡಬೇಕೆಂಬುದು ಕಾನೂನು.